ತೂಬಿಗೊಬ್ಬ ನೀರಗಂಟಿ ಬೇಕು

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಬಡಾವಣೆಗಳಾಗುವ ಮೊದಲು ಅಲ್ಲಿ ಊರುಗಳಿದ್ದವು: ಕೇತಮಾರನಹಳ್ಳಿ, ಶಿವನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ. ಹಳೇ ಮೈಸೂರು ಸೀಮೆಯ ಇಂಥ ಊರುಗಳಲ್ಲಿ ಕಂದಾಯ ಎತ್ತಲು, ವ್ಯಾಜ್ಯ ತೀರಿಸಲು ಪಟೇಲರಿದ್ದರು. ಲೆಕ್ಕಕ್ಕೆ ಶಾನುಭೋಗರು, ಕಾವಲಿಗೆ ತಳವಾರ, ತೋಟಿ. ಕಮ್ಮಾರ, ಬಡಗಿ, ಕುಂಬಾರ, ಅಗಸರೂ ಸೇರಿದ ಈ ಹನ್ನೆರಡು ಮಂದಿಯ ಏರ್ಪಾಡಿಗೆ ಬಾರಾಬಲೂತಿ ಎನ್ನುತ್ತಿದ್ದರು. ಮಾಗಡಿ ಕೆಂಪೇಗೌಡರ ವಂಶ 1728ರಲ್ಲಿ ಮೈಸೂರಿಗೆ ಸೋತಿತು, 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆತ್ತಿಕೊಂಡರು. ಮೇಲೆ ಯಾರೇ ಬದಲಾಗಲಿ, ಕೆಳಗಿನ ಈ ಏರ್ಪಾಡು ಉಳಿಯಿತು.

ಇವರಲ್ಲಿ ನಗರ ಮರೆಯಬಾರದವನು ನೀರಗಂಟಿ. ಕೆರೆಯ ತೂಬು ಎತ್ತುವವನು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವವನು, ಏರಿ ಎಲ್ಲಿ ಜಿನುಗುತ್ತಿದೆ ಎಂದು ನೋಡಿ ಊರಿಗೆ ತಿಳಿಸುವವನು ಅವನೇ. ಸುಗ್ಗಿಯಲ್ಲಿ ರೈತರು ಕಣದಿಂದಲೇ ಅವನಿಗೆ ಧಾನ್ಯದ ಆಯ ಕೊಡುತ್ತಿದ್ದರು. ನೀರು ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳುತ್ತ ಕೂರುವಂತಿಲ್ಲ. ಹುದ್ದೆಗಳು ಜಾತಿಯಿಂದ, ತಂದೆಯಿಂದ ಮಗನಿಗೆ ಬರುತ್ತಿದ್ದವು. ತೋಟಿಯ ದುಡಿಮೆ ದಲಿತರ ಹೆಗಲ ಮೇಲಿತ್ತು, ಪಂಚಾಯಿತಿ ಕಟ್ಟೆಯಲ್ಲಿ ಅವರಿಗೆ ಸಮಾನ ಜಾಗವಿರಲಿಲ್ಲ. ಹೆಣ್ಣುಮಕ್ಕಳ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆ ಸರಿಯಾದದ್ದೇ.

ಆದರೂ ಜನ ಕೂಡುವ ಕಟ್ಟೆಯ ಬೆಲೆ ಏನೆಂದು ದೂರದ ನಾಡೊಂದು ಹೇಳುತ್ತದೆ. ವಸಾಹತು ಆಳ್ವಿಕೆಗೆ ಮೊದಲಿನ ನೈಜೀರಿಯಾದಲ್ಲಿ ಹೌಸಾ ನಾಡು ಸರ್ಕಿ ಎಂಬ ದೊರೆಗಳ, ಮುಂದೆ ಅಮೀರರ ಕೈಯಲ್ಲಿತ್ತು. ಯೊರುಬಾ ಜನರ ಓಯೋ ರಾಜ್ಯದಲ್ಲಿ ಏಳು ಮುಖಂಡರ ಮಂಡಳಿಗೆ ದೊರೆಯನ್ನೇ ಇಳಿಸುವ ಬಲವಿತ್ತು. ಬೇಡವಾದ ದೊರೆ ಪ್ರಾಣವನ್ನೇ ಬಿಡಬೇಕಿತ್ತು. ಇಗ್ಬೋ ಊರುಗಳಲ್ಲಿ ಹೆಚ್ಚಿನವಕ್ಕೆ ದೊರೆಯೇ ಇರಲಿಲ್ಲ, ಊರಸಭೆಯೇ ತೀರ್ಮಾನಿಸುತ್ತಿತ್ತು. ಅಲ್ಲಿಗೆ ಬ್ರಿಟಿಷರು ತಮ್ಮ ಆಜ್ಞಾಪತ್ರ ಕೊಟ್ಟು ಮುಖಂಡರನ್ನು ಹೇರಿದರು. 1929ರಲ್ಲಿ ತಮ್ಮ ಮೇಲೂ ತೆರಿಗೆ ಬೀಳುತ್ತದೆಂದು ಕಂಡಾಗ ಇಗ್ಬೋ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಆ ಮುಖಂಡರ ವಿರುದ್ಧ ಎದ್ದರು. ಅದಕ್ಕೂ 99 ವರ್ಷ ಮೊದಲು, 1830ರಲ್ಲಿ, ಮೈಸೂರು ರಾಜ್ಯದ ನಗರ ಎಂಬ ಸೀಮೆಯ ರೈತರು ಊರೂರಲ್ಲಿ ಕೂಟ ಸೇರಿ ಕಂದಾಯದ ಹಿಂಸೆಯ ವಿರುದ್ಧ ನಿಂತಿದ್ದರು. ಜನ ಕೂಡಿ ಮಾತಾಡುವ ಜಾಗ ಇದ್ದಲ್ಲೇ ಇಂಥ ಪ್ರತಿಭಟನೆ ಹುಟ್ಟುತ್ತದೆ.

ಕೆಂಗೇರಿಯಲ್ಲಿ ಆ ಜಾಗ ಕುಗ್ಗಿದ ಬಗೆ ನೋಡಿ. ಅಲ್ಲಿ ಸ್ವಂತ ಪುರಸಭೆಯಿತ್ತು. 2007ರಲ್ಲಿ ಅದು ಬೆಂಗಳೂರಿನ ಮಹಾನಗರ ಪಾಲಿಕೆಯಾದ ಬಿಬಿಎಂಪಿಯೊಳಗೆ ಸೇರಿತು. ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಮತ್ತೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಮಳೆನೀರು ಮನೆಗೆ ನುಗ್ಗಿದರೆ ನಿವಾಸಿಗಳು ಪಾಲಿಕೆ, ಜಲಮಂಡಳಿ, ಬಿಡಿಎ ಎಂದು ಅಲೆಯಬೇಕು. ಇದು ಪ್ರಜಾಪ್ರಭುತ್ವಕ್ಕೆ ಆಗುತ್ತಿರುವ ಗಾಯ.

2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿದೆ, ಪಶ್ಚಿಮಕ್ಕೂ ಒಂದು ಬಂದಿದೆ. ಕಚೇರಿ ಹತ್ತಿರ ಬಂದರೆ ಸಾಲದು. ಪ್ರತಿ ಕೆರೆಗೆ, ಪ್ರತಿ ರಾಜಕಾಲುವೆಗೆ ಹೆಸರು ಹೇಳಿ ಕರೆಯಬಹುದಾದ ಒಬ್ಬ ನೀರಗಂಟಿ ಬೇಕು. ಯಾವ ಜಾತಿಯವರಾದರೂ ಸರಿ, ಗಂಡಾದರೂ ಹೆಣ್ಣಾದರೂ ಸರಿ. ಸಂಬಳ ಪಾಲಿಕೆ ಕೊಡಲಿ, ಆ ನೀರಗಂಟಿ ತಿಂಗಳಿಗೊಮ್ಮೆ ವಾರ್ಡ್ ಸಮಿತಿಯ ಮುಂದೆ ನಿಂತು ಲೆಕ್ಕ ಒಪ್ಪಿಸಲಿ.