ಹೊಗಳಿಕೆ ಸಾಕು, ಕೂಲಿ ಕೊಡಿ

ಬೆಂಗಳೂರಿನ ಬಾಲ್ಕನಿಗಳಲ್ಲಿ ಈಗ ಜೊಂಡಿನ ಬುಟ್ಟಿಗಳದ್ದೇ ಕಾರುಬಾರು. ಕುಂಡಕ್ಕೊಂದು, ಒಗೆಯೋ ಬಟ್ಟೆಗೊಂದು. ಆನ್‌ಲೈನ್‌ನಲ್ಲಿ ಎರಡು ಸಾವಿರ ಅಂದ್ರೂ ತೆಪ್ಪಗೆ ಕೊಡ್ತೀವಿ, ಯಾಕಂದ್ರೆ ಅಲ್ಲಿ ಚೌಕಾಸಿ ಮಾಡೋ ಬಟನ್ ಇಲ್ಲ. ಅದೇ ನಾವು ಊರಿಗೆ ಹೋದಾಗ, ಸಂತೇಲಿ ಚಾಪೆ ಮಾರೋ ಅಜ್ಜಿ ನಾನೂರು ಅಂದ್ರೆ, "ಇನ್ನೂರೈವತ್ತಕ್ಕೆ ಕೊಡಜ್ಜಿ, ಎರಡು ತಗೋತೀನಿ" ಅಂತೀವಿ.

ನಾನು ಸೂಳೆಕೆರೆ ಕಡೆಯವನು. ಚನ್ನಗಿರಿ ತಾಲ್ಲೂಕಿನ ಈ ಕೆರೆಯ ವಿಸ್ತೀರ್ಣ ಸುಮಾರು 6,500 ಎಕರೆ; ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಕೆರೆಯಂಚಿನ ಜೊಂಡು, ಆಪು (ಫೋನಿನ ಆ್ಯಪ್ ಅಲ್ಲ, ಹುಲ್ಲು) ನೋಡೋರ ಕಣ್ಣಿಗೆ ಕಳೆ, ಹೆಣೆಯೋರಿಗೆ ಅನ್ನ. ನೀರಲ್ಲಿ ನಿಂತು ಕೊಯ್ಯಬೇಕು, ಹಸಿ ಹೊರೆ ದಡಕ್ಕೆ ಹೊರಬೇಕು, ಬಿಸಿಲಿಗೆ ಒಣಗಿಸಬೇಕು. ಮಳೆ ಬಂದ್ರೆ ಮುಗ್ಗುತ್ತೆ. ಒಣಗಿದ ಮೇಲೂ ಹೆಣೆಯೋ ಮುಂಚೆ ನೀರು ಚಿಮುಕಿಸಬೇಕು, ಇಲ್ಲಾಂದ್ರೆ ಮುರಿಯುತ್ತೆ.

12ನೇ ಶತಮಾನದ ಶರಣ ನುಲಿಯ ಚಂದಯ್ಯ ಇಂಥದೇ ಕೆಲಸದವರು. ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದರು. ಇಷ್ಟಲಿಂಗ ನೀರಿಗೆ ಬಿದ್ದರೂ ಕಾಯಕ ಬಿಡಲಿಲ್ಲ ಅನ್ನೋದು ಕಥೆ. ಅವರು ಐಕ್ಯರಾದರೆನ್ನುವ ನುಲೇನೂರು ಇರೋದು ಪಕ್ಕದ ಹೊಳಲ್ಕೆರೆ ತಾಲ್ಲೂಕಿನಲ್ಲೇ. ಅವರನ್ನು ತಮ್ಮವರೆಂದು ನೆನೆಯುವ ಕೊರಮ, ಕೊರಚ ಸಮುದಾಯಗಳು ಚಾಪೆ, ಬುಟ್ಟಿ, ಹಗ್ಗ ಮಾಡಿಕೊಂಡೇ ಬಂದವರು. ಬ್ರಿಟಿಷರ ಕಾಲದಲ್ಲಿ ಅವರನ್ನು 'ಅಪರಾಧಿ ಬುಡಕಟ್ಟು' ಪಟ್ಟಿಗೆ ಸೇರಿಸಿದ್ದರು. ಆ ಕಾಯ್ದೆ ತೊಲಗಿದ್ದು 1952ರಲ್ಲಿ. ಈಗ ಸರ್ಕಾರ ಚಂದಯ್ಯನವರ ಜಯಂತಿ ಮಾಡುತ್ತೆ, ನಾವು ಕಾಯಕದ ಬಗ್ಗೆ ಸ್ಟೇಟಸ್ ಹಾಕ್ತೀವಿ. ಕಾಯಕದ ರೇಟು ಕೇಳಿದ್ರೆ ಮಾತ್ರ ಮುಖ ಸಿಂಡರಿಸ್ತೀವಿ.

"ಪ್ಲಾಸ್ಟಿಕ್ ಚಾಪೆ ಅಗ್ಗ, ಮಾರ್ಕೆಟ್ಟೇ ತೀರ್ಮಾನ ಮಾಡುತ್ತೆ ಬಿಡಪ್ಪ" ಅಂತಾನೆ ನನ್ನ ಗೆಳೆಯ. ಸ್ವಾಮಿ, ಸಂತೇಲಿ ನಿಂತಾಗ ನಾವೇ ಮಾರ್ಕೆಟ್ಟು. ಲೆಕ್ಕ ಹಾಕೋಣ. 2024-25ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಕೊಯ್ಯೋದರಿಂದ ಹೆಣೆಯೋವರೆಗೆ ಒಂದು ಚಾಪೆಗೆ ಎರಡು ದಿನದ ದುಡಿಮೆ ಅಂತಿಟ್ಟುಕೊಂಡ್ರೂ 698 ಆಯ್ತು. ನೀವು ಇನ್ನೂರೈವತ್ತು ಕೊಟ್ರೆ, ಉಳಿದ 448 ಅಜ್ಜಿಯ ಸೆರಗಿನ ಗಂಟಿನಿಂದ ಹೋಯ್ತು ಅಂತ ಅರ್ಥ. ನಾವೋ, ಮೀಟಿಂಗಲ್ಲಿ ಮ್ಯೂಟ್ ಮಾಡ್ಕೊಂಡು ಕೂತ ಗಂಟೆಗೂ ಕ್ಲೈಂಟಿಗೆ ಬಿಲ್ ಹಾಕೋ ಜನ!

"ಅವರ ಮಕ್ಕಳಿಗೇ ಬೇಡವಾದ ಕಸುಬು" ಅನ್ನೋರಿದ್ದಾರೆ. ಅಡಿಕೆ ಸುಲಿದ್ರೆ ಇದಕ್ಕಿಂತ ಜಾಸ್ತಿ ಹುಟ್ಟುತ್ತೆ ಅಂದ್ರೆ ಯಾರು ಕೆರೆಗೆ ಇಳೀತಾರೆ? ನಾನೂ ಊರು ಬಿಟ್ಟಿದ್ದು ಸಂಬಳ ನೋಡಿಯೇ. ಜಾತಿ ಕಸುಬಿಗೆ ಯಾರನ್ನೂ ಕಟ್ಟಿಹಾಕಬೇಕಿಲ್ಲ. ಬಿಡೋರು ಬಿಡಲಿ, ಮಾಡ್ತೀನಿ ಅನ್ನೋರಿಗೆ ಹೊಟ್ಟೆ ತುಂಬಲಿ.

ಮೆಕ್ಸಿಕೋದ ಪಾಟ್ಸ್ಕ್ವಾರೊ ಸರೋವರದ ದಂಡೆಯ ಪುರೆಪೆಚಾ ಜನ ಚುಸ್ಪಾಟಾ ಅನ್ನೋ ಜೊಂಡಿನಿಂದ ಚಾಪೆ, ಬುಟ್ಟಿ ಹೆಣೀತಾರೆ. ಕರಕುಶಲದವರಿಗಾಗಿಯೇ ಆ ದೇಶ 1974ರಲ್ಲಿ ಫೋನಾರ್ಟ್ ಅನ್ನೋ ಸರ್ಕಾರಿ ನಿಧಿ ಕಟ್ಟಿತು. ಅದು ಮಾಡಿದವರಿಂದಲೇ ಕೊಂಡು ತನ್ನ ಅಂಗಡಿಗಳಲ್ಲಿ ಮಾರುತ್ತೆ. ನಮಗೂ ಕಾವೇರಿ ಎಂಪೋರಿಯಂ ಇದೆ. ಗಂಧ, ಬೀಟೆಗೆ ಅಲ್ಲಿರೋ ಮರ್ಯಾದೆ ಜೊಂಡಿಗೂ ಸಿಗಲಿ ಅಂತ ಕೇಳಬೇಕು.

ಸರ್ಕಾರ ಎಚ್ಚರ ಆಗೋತನಕ ಕಾಯಬೇಕಿಲ್ಲ. ಈ ದೀಪಾವಳಿಗೆ ಎಚ್‌ಆರ್‌ನವರು ಗಿಫ್ಟ್ ಏನು ಅಂತ ಮೇಲ್ ಕಳಿಸ್ತಾರಲ್ಲ, ಡ್ರೈಫ್ರೂಟ್ಸ್ ಡಬ್ಬದ ಬದಲು ಜೊಂಡಿನ ಚಾಪೆ ಅಂತ ಬರೀರಿ. ಆರ್ಡರನ್ನ ಹೆಣೆಯೋರಿಗೇ ಕೊಡಿಸಿ. ಅರ್ಧ ದುಡ್ಡು ಮುಂಗಡ, ರೇಟು ದಿನಗೂಲಿ ಲೆಕ್ಕದಲ್ಲಿ. ಅವರು ಹೇಳಿದ್ದು ಜಾಸ್ತಿ ಅನ್ನಿಸಿದ್ರೆ, ಎಷ್ಟು ದಿನ ಹಿಡೀತು ಅಂತ ಮೊದಲು ಕೇಳಿ.