ಪಾದಯಾತ್ರೆಯ ಮೊದಲ ದಿನ

ಶಿವರಾತ್ರಿಗೆ ಕಡೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ಸದ್ಭಕ್ತರಲ್ಲಿ ಕೆಲವರು ಮೊದಲ ದಿನವೇ ಚಿಕ್ಕಮಗಳೂರು ಮುಟ್ಟಲು ಹಟ ಹಿಡಿಯುವುದುಂಟು. ಅದು ಸುಮಾರು 40 ಕಿಲೋಮೀಟರ್. ಇದನ್ನು ನಾವು ಒಪ್ಪುವುದಿಲ್ಲ. ಅರ್ಧದಾರಿಯ ಸಖರಾಯಪಟ್ಟಣದಲ್ಲಿ ತಂಗುವುದೇ ಲೇಸು. ಉತ್ಸಾಹದ ಭರದಲ್ಲಿ ಅಂದು ನೋವು ತಿಳಿಯದು. ಮರುದಿನ ಬೊಬ್ಬೆಯೆದ್ದ ಅಂಗಾಲನ್ನು ನೆಲಕ್ಕೆ ಊರಲಾಗದು. ಮುಂದೆ ಚಾರ್ಮಾಡಿ ಘಾಟಿಯಿದೆ, ಮಂಡಿಗೆ ಏರಿಗಿಂತ ಇಳಿಜಾರೇ ಕಠಿಣ. ನಸುಕಿನಲ್ಲಿ ಲಿಂಗಪೂಜೆ ಮುಗಿಸಿ ಹೊರಟರೆ ಬಿಸಿಲೇರುವ ಮುನ್ನ ಸಖರಾಯಪಟ್ಟಣ ಸೇರಬಹುದು. ಕಾಲಿಗೆ ಹೊಸ ಚಪ್ಪಲಿ ಬೇಡ, ಮೆಟ್ಟಿ ಪಳಗಿದ್ದೇ ಇರಲಿ.

ಸಕ್ಕರೆ ಕಾಯಿಲೆಯವರು ಮಾತ್ರ ಬರಿಗಾಲಿನ ಹರಕೆ ಹೊರಬಾರದು. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಗಾಯವಾದದ್ದೇ ಅರಿವಾಗದು. ಮಾತ್ರೆ ನುಂಗಿ ಉಪವಾಸ ನಡೆಯುವುದಂತೂ ಇನ್ನೂ ಅಪಾಯ. ಹೊರಡುವ ಮುನ್ನ ವೈದ್ಯರನ್ನು ಕಾಣಲಿ. ತಲೆ ಸುತ್ತಿದರೆ ಬಾಯಿಗೆ ಹಾಕಿಕೊಳ್ಳಲು ಒಂದು ಉಂಡೆ ಬೆಲ್ಲ ಜೋಳಿಗೆಯಲ್ಲಿರಲಿ.