ಹೆಲ್ಮೆಟ್ ಹಿಂದಿರುಗಿಸುವ ಮುನ್ನ

‘ಸೀನಿಯರ್ ಪೋರ್ಟ್ರೇಟ್’ ಎಂದರೆ ಹಿರಿಯ ನಾಗರಿಕರ ಭಾವಚಿತ್ರವೆಂದು ಭಾವಿಸಬೇಡಿ. ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದ, ಅಂದರೆ 12ನೇ ತರಗತಿಯ ಹುಡುಗ ಹುಡುಗಿಯರು ತೆಗೆಸಿಕೊಳ್ಳುವ ಫೋಟೊ ಅದು. ಶಾಲೆಯ ವಾರ್ಷಿಕ ಪುಸ್ತಕಕ್ಕೆಂದು ಸ್ಟುಡಿಯೊದಲ್ಲಿ ಗಂಭೀರವಾಗಿ ಕುಳಿತು ತೆಗೆಸಿಕೊಳ್ಳುವುದು ಒಂದು. ಮನೆಯ ಗೋಡೆಗೆ, ಅಜ್ಜ ಅಜ್ಜಿಗೆ ಕಳಿಸುವುದಕ್ಕೆ ಇಷ್ಟಬಂದಂತೆ ತೆಗೆಸಿಕೊಳ್ಳುವುದು ಇನ್ನೊಂದು. ಚೆಂಡು, ಬ್ಯಾಟು, ಹೆಲ್ಮೆಟ್ಟುಗಳು ಕಾಣಿಸಿಕೊಳ್ಳುವುದು ಈ ಎರಡನೆಯದರಲ್ಲಿ.

ಕಾಣಿಸಿಕೊಂಡರೆ ಸಾಲದು. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಹಲ್ಲು ಕಿರಿಯುವ ಚಿತ್ರ ಯಾರ ಮನೆಯಲ್ಲಿಲ್ಲ? ಅಮೆರಿಕನ್ ಫುಟ್‌ಬಾಲಿನ ಹೆಲ್ಮೆಟ್ ಧರಿಸಿದರೆ ಅದರ ಮುಂದಿನ ಸರಳುಗಳು ಮುಖವನ್ನೇ ನುಂಗಿಬಿಡುತ್ತವೆ. ಅದನ್ನು ಕೈಯಲ್ಲಿ ಹಿಡಿಸುವುದು ವಾಸಿ. ಮುಸ್ಸಂಜೆಯ ಮೈದಾನದಲ್ಲಿ ಹುಡುಗನ ಬೆನ್ನ ಹಿಂದೆ ಎಡಬಲಕ್ಕೆ ಒಂದೊಂದು ಫ್ಲ್ಯಾಶ್ ಇಟ್ಟರೆ ಭುಜದ ಅಂಚಿಗೆ ಬೆಳಕಿನ ಗೆರೆ ಮೂಡುತ್ತದೆ. ಬಾಟಲಿಯಿಂದ ಚಿಮುಕಿಸಿದ ನೀರು ಬೆವರಾಗುತ್ತದೆ. ಕ್ಯಾಮೆರಾ ನೆಲಕ್ಕಿಳಿದಷ್ಟೂ ಆಟಗಾರ ಎತ್ತರವಾಗುತ್ತಾನೆ. ಏಣಿ ಹತ್ತಿ, ಬ್ಯಾಸ್ಕೆಟ್‌ಬಾಲ್ ರಿಂಗಿನ ಮೇಲಿಂದ ಬಲೆಯೊಳಗೆ ಹಣಕಿ ಕೆಳಗೆ ನಿಂತ ಹುಡುಗಿಯ ಮುಖ ಹಿಡಿಯುವವರೂ ಉಂಟು. ರೈಲು ಹಳಿಯ ಮೇಲೆ ನಿಲ್ಲಿಸುವ ಚಾಳಿ ಮಾತ್ರ ಕೆಟ್ಟದ್ದು. ಅಲ್ಲಿನ ಕಾನೂನಿನಂತೆ ಅದು ಅತಿಕ್ರಮ ಪ್ರವೇಶ, ಪ್ರಾಣಕ್ಕಂತೂ ಸಂಚಕಾರ.

ಬೆಳಕಿನ ಈ ಚಮತ್ಕಾರಗಳಿಗಿಂತ ಹೆಚ್ಚು ಮಾತಾಡುವುದು ಹಳೆಯ ಸಾಮಾನು. ಫೋಟೊಗೆಂದು ಹೊಸ ಬೇಸ್‌ಬಾಲ್ ಕೈಗವಸು ಕೊಂಡುತರುವ ಅಪ್ಪ ಅಮ್ಮಂದಿರ ಉತ್ಸಾಹ ಅರ್ಥವಾಗುವಂಥದ್ದೇ. ಆದರೆ ಮಗನ ಅಂಗೈಯ ಆಕಾರಕ್ಕೆ ಬಗ್ಗಿದ ತೊಗಲು ಹಳೆಯದರಲ್ಲಿದೆ. ಹೆಲ್ಮೆಟ್ಟಿನ ಮೇಲೆ ಎದುರಾಳಿಗಳ ಬಣ್ಣ ಉಜ್ಜಿ ಉಳಿದಿರುತ್ತದೆ. ಒರೆಸಲು ಬಟ್ಟೆ ಎತ್ತಿಕೊಂಡವರ ಕೈ ಹಿಡಿಯಬೇಕು. ಮೊಣಕಾಲಿಗೆ ಪೆಟ್ಟು ಬಿದ್ದು ಇಡೀ ವರ್ಷ ಬೆಂಚಿನಲ್ಲಿ ಕಳೆದವಳು ಆ ಮೊಣಕಾಲ ಪಟ್ಟಿಯೊಂದಿಗೇ ನಿಂತರೆ ತಪ್ಪೇನು?

ಇದೆಲ್ಲ ಬರೀ ಶೋಕಿಯಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಲೆಕ್ಕದಂತೆ, ಹೈಸ್ಕೂಲಿನಲ್ಲಿ ಆಡಿದ ನೂರು ಮಂದಿಯಲ್ಲಿ ಮುಂದೆ ಕಾಲೇಜು ತಂಡ ಸೇರುವವರು ಸುಮಾರು 7. ಉಳಿದವರ ತಂಡದ ಆಟ ಅಲ್ಲಿಗೆ ಮುಗಿಯಿತು. ಫುಟ್‌ಬಾಲಿನ ಹೆಲ್ಮೆಟ್, ಭುಜಕವಚಗಳು ಸಾಮಾನ್ಯವಾಗಿ ಶಾಲೆಯ ಸೊತ್ತು. ಋತು ಮುಗಿದಾಗ ಎಣಿಸಿ ಒಪ್ಪಿಸಬೇಕು. ಕೊನೆಯ ವರ್ಷ ಶುರುವಾಗುವ ಮೊದಲೇ, ಬೇಸಿಗೆ ರಜೆಯಲ್ಲಿ ಫೋಟೊ ಮುಗಿಸಿಬಿಡುವುದು ಅಲ್ಲಿನ ವಾಡಿಕೆ. ಆಟದ ಚಿತ್ರವನ್ನಾದರೂ ಕೊನೆಯ ಪಂದ್ಯಕ್ಕೂ ಸಾಮಾನು ಒಪ್ಪಿಸುವ ದಿನಕ್ಕೂ ನಡುವೆ ಇಟ್ಟುಕೊಂಡರೆ ಮಣ್ಣು, ಗೀರು ಎಲ್ಲ ಹಾಗೇ ಸಿಕ್ಕೀತು.

2020ರ ವಸಂತದಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಸಾಫ್ಟ್‌ಬಾಲ್, ಬೇಸ್‌ಬಾಲ್, ಓಟದ ಸ್ಪರ್ಧೆಗಳೆಲ್ಲ ರದ್ದಾದವು. ಆಗ ಹಲವು ಛಾಯಾಗ್ರಾಹಕರು ಮನೆಮನೆಗೆ ಹೋಗಿ, ರಸ್ತೆಯಂಚಿನಲ್ಲೇ ನಿಂತು, ಜಗುಲಿಯ ಮೇಲಿದ್ದ ಮಕ್ಕಳ ಚಿತ್ರ ತೆಗೆದರು. ಆಡಲಾಗದೆ ಹೋದ ಋತುವಿನ ಸಮವಸ್ತ್ರ ತೊಟ್ಟು, ಬ್ಯಾಟು ಹಿಡಿದು ನಿಂತವರು ಅವರಲ್ಲಿದ್ದರು.